ಸೈಕಲ್ ಹುಡುಗರು ಮತ್ತು ಬಾಲದ ಚುಕ್ಕಿ

(ಸುವರ್ಣ ಮಹೋತ್ಸವದ ಎರಡನೆಯ ದಿನ, ಸಂಜೆಯ ಸಿನಿಮಾ ಪ್ರದರ್ಶನಕ್ಕೆ ಮೊದಲು, 1986ರ ತಂಡದ ಹಳೆಯ ವಿದ್ಯಾರ್ಥಿಯೊಬ್ಬರು ಆಡಿದ ಮಾತುಗಳ ಬರಹರೂಪ)



ನನಗೆ ಕೊಟ್ಟಿರುವುದು ಇಪ್ಪತ್ತು ನಿಮಿಷ. ಪರದೆ ಕಟ್ಟುವವರಿಗೆ ಕತ್ತಲಾಗಬೇಕು, ಕತ್ತಲಾಗುವವರೆಗೆ ಯಾರಾದರೂ ಮಾತಾಡುತ್ತಿರಬೇಕು, ಹಾಗಾಗಿ ನನ್ನನ್ನು ನಿಲ್ಲಿಸಿದ್ದಾರೆ. ಇದನ್ನು ನಾನು ಬೇಸರದಿಂದ ಹೇಳುತ್ತಿಲ್ಲ. ಟೆಂಟ್ ಸಿನಿಮಾದ ಕಾಲದಲ್ಲೂ ಹೀಗೇ ಇತ್ತು. ಘಂಟಸಾಲ ಅವರ ಭಕ್ತಿಗೀತೆ ಧ್ವನಿವರ್ಧಕದಲ್ಲಿ ಕೇಳಿಸಿತೆಂದರೆ ಇನ್ನೇನು ಆಟ ಶುರು ಎಂದು ನಾವು ಗದ್ದೆ ಬದುವಿನ ಮೇಲೆ ಓಡುತ್ತಿದ್ದೆವು. ಇವತ್ತು ಆ ಹಾಡಿನ ಜಾಗದಲ್ಲಿ ನಾನಿದ್ದೇನೆ ಎಂದುಕೊಳ್ಳಿ.

ಇಂದು ಯಾವ ಸಿನಿಮಾ ತೋರಿಸಬೇಕು ಎಂಬ ಬಗ್ಗೆ ನಮ್ಮ ಸಮಿತಿಯಲ್ಲಿ ಮೂರು ಸಭೆ ನಡೆದವು. ಊಟಕ್ಕೆ ಏನು ಮಾಡಿಸಬೇಕು ಎಂಬುದಕ್ಕೂ ಅಷ್ಟು ಚರ್ಚೆ ಆಗಲಿಲ್ಲ. ಹಿರಿಯರೆಲ್ಲ ‘ಬೆಟ್ಟದ ಹೂವು’ ಎಂದರು. ಅದಕ್ಕೆ ಕಾರಣವೂ ಇದೆ. ನಮ್ಮ ಶಾಲೆ ಹುಟ್ಟಿದ್ದು 1975ರಲ್ಲಿ, ಪುನೀತ್ ರಾಜ್‌ಕುಮಾರ್ ಹುಟ್ಟಿದ್ದೂ ಅದೇ ವರ್ಷ ಮಾರ್ಚ್ 17ರಂದು. ಅವರು ಇದ್ದಿದ್ದರೆ ಅವರಿಗೂ ಈ ವರ್ಷ ಐವತ್ತು ತುಂಬುತ್ತಿತ್ತು. ಮಕ್ಕಳು ಮಾತ್ರ, ಅನ್ಯಗ್ರಹದ ಜೀವಿ ಬರುವ, ಹುಡುಗರು ಸೈಕಲ್ ಮೇಲೆ ಹಾರುವ ಇಂಗ್ಲಿಷ್ ಸಿನಿಮಾ ಬೇಕು ಎಂದರು. ಕೊನೆಗೆ ಇವತ್ತು ‘ಇ.ಟಿ.’, ನಾಳೆ ‘ಬೆಟ್ಟದ ಹೂವು’ ಎಂದು ತೀರ್ಮಾನವಾಯಿತು. ನೀನು ಭೌತಶಾಸ್ತ್ರದ ಮೇಷ್ಟ್ರಲ್ಲವೇ, ಇಂಥ ಸಿನಿಮಾಗಳಲ್ಲಿ ಏನಿದೆ, ಐವತ್ತು ದಾಟಿದವರೂ ಯಾಕೆ ಕೂತು ನೋಡುತ್ತಾರೆ, ಸ್ವಲ್ಪ ಹೇಳು ಎಂದು ನನಗೆ ಒಪ್ಪಿಸಿದರು.

‘ಇ.ಟಿ.’ ಬಂದದ್ದು 1982ರಲ್ಲಿ. ಮಾಡಿದವರು ಸ್ಟೀವನ್ ಸ್ಪೀಲ್‌ಬರ್ಗ್. ತಂದೆ ಮನೆ ಬಿಟ್ಟು ಹೋಗಿರುವ ಒಬ್ಬ ಹುಡುಗ, ತನ್ನವರು ಬಿಟ್ಟು ಹೋದ ಒಂದು ಅನ್ಯಗ್ರಹದ ಜೀವಿ, ಇವರಿಬ್ಬರ ಸ್ನೇಹದ ಕತೆ ಅದು. ದೊಡ್ಡವರಿಗೆ ಗೊತ್ತಾಗದಂತೆ ಹುಡುಗ ಅದನ್ನು ಕಪಾಟಿನಲ್ಲಿ ಬಚ್ಚಿಡುತ್ತಾನೆ. ಶಾಲೆ ತಪ್ಪಿಸಲು ಥರ್ಮಾಮೀಟರನ್ನು ದೀಪಕ್ಕೆ ಹಿಡಿದು ಜ್ವರ ಬಂದಿದೆ ಎಂದು ತೋರಿಸುತ್ತಾನೆ. (ಮಕ್ಕಳೇ, ಇದನ್ನು ಇಲ್ಲಿಗೇ ಮರೆತುಬಿಡಿ.) ಇದರ ದಾರಿಯಲ್ಲೇ ಆಮೇಲೆ ಎಷ್ಟೋ ಬಂದವು. 2003ರಲ್ಲಿ ಹಿಂದಿಯ ‘ಕೋಯಿ ಮಿಲ್ ಗಯಾ’ ಬಂದಾಗ ನಮ್ಮ ಊರಿನ ಹುಡುಗರೆಲ್ಲ ಜಾದೂ ಜಾದೂ ಎಂದು ಕುಣಿದದ್ದು ಇಲ್ಲಿರುವ ಮೇಷ್ಟರುಗಳಿಗೆ ನೆನಪಿರಬೇಕು.

ಆದರೆ ಈ ಹದಿನೈದು ವರ್ಷದಲ್ಲಿ ಬಂದಿರುವ ಚಿತ್ರಗಳದ್ದು ಬೇರೆಯೇ ಒಂದು ಬಗೆ. 2011ರ ‘ಸೂಪರ್ 8’ ನಡೆಯುವುದು 1979ರಲ್ಲಿ. 2016ರಲ್ಲಿ ಶುರುವಾದ ‘ಸ್ಟ್ರೇಂಜರ್ ಥಿಂಗ್ಸ್’ ಎಂಬ ಧಾರಾವಾಹಿ ನಡೆಯುವುದು 1983ರಿಂದ. ಅಂದರೆ ಹಳೆಯ ಸಿನಿಮಾದ ಕಾಲವನ್ನೇ ಮತ್ತೆ ಕಟ್ಟಿ ಅದರೊಳಗೆ ಹೊಸ ಕತೆ ಹೇಳುವುದು. ಹಳೆಯ ಕಾರು, ಹಳೆಯ ಟೆಲಿಫೋನು, ಕ್ಯಾಸೆಟ್ಟು, ನಾಲ್ಕೈದು ಹುಡುಗರು, ಸೈಕಲ್ಲು, ಕೈಯಲ್ಲೊಂದು ಟಾರ್ಚು. ಆ ಧಾರಾವಾಹಿ ಮಾಡಿದ ಅಣ್ಣತಮ್ಮಂದಿರು ಅವಳಿಗಳು, ಹುಟ್ಟಿದ್ದು 1984ರಲ್ಲಿ. ತಾವು ಹುಟ್ಟುವ ಹಿಂದಿನ ವರ್ಷಕ್ಕೆ ಅವರಿಗೆ ಹಂಬಲ! 2003ರಲ್ಲಿ ಹುಟ್ಟಿದ ನನ್ನ ಮಗಳಿಗೂ ಅದೇ ಹಂಬಲ. ಅವಳ ಮಾತು ಬಿಡಿ, ನನ್ನದೇ ತೆಗೆದುಕೊಳ್ಳಿ. ಆ ಹುಡುಗರಿಗಿದ್ದಂಥ ಸೈಕಲ್ ನನ್ನ ಹತ್ತಿರ ಯಾವತ್ತೂ ಇರಲಿಲ್ಲ. ನಾವು ಗಂಟೆಗಿಷ್ಟು ಎಂದು ಬಾಡಿಗೆ ಸೈಕಲ್ ತಂದು, ಕಾಲು ಎಟುಕದೆ ಒಳಪೆಡಲ್ ಹೊಡೆದು ಕಲಿತವರು. ನೆಲಮಾಳಿಗೆಯಲ್ಲಿ ಆಡುವ ಮನೆ ನಮ್ಮ ಸೀಮೆಯಲ್ಲಿ ಯಾರಿಗೂ ಇರಲಿಲ್ಲ. ವಾಕಿಟಾಕಿ ಎಂಬುದನ್ನು ನಾನು ನೋಡಿದ್ದು ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ, ಪೊಲೀಸರ ಕೈಯಲ್ಲಿ. ಹಾಗಿದ್ದ ಮೇಲೆ ನನ್ನದಲ್ಲದ ಬಾಲ್ಯವನ್ನು ಪರದೆಯ ಮೇಲೆ ಕಂಡು ನನ್ನ ಗಂಟಲು ಯಾಕೆ ಕಟ್ಟುತ್ತದೆ?

ಇದಕ್ಕೆ ಉತ್ತರ ಹುಡುಕುವ ಮೊದಲು ಒಂದು ವಿಷಯ ಹೇಳಬೇಕು. ಈ ಕತೆ ಅಮೆರಿಕದವರದ್ದೇ ಎಂದು ತಿಳಿಯಬೇಡಿ. 1962ರಲ್ಲೇ ಸತ್ಯಜಿತ್ ರಾಯ್ ಬಂಗಾಳಿಯಲ್ಲಿ ಒಂದು ಮಕ್ಕಳ ಕತೆ ಬರೆದಿದ್ದರು. ಅದರ ನಾಯಕ ಒಬ್ಬ ಹಳ್ಳಿಯ ಶಾಲಾ ಮೇಷ್ಟ್ರು, ಬಂಕುಬಾಬು. ಎಲ್ಲರೂ ಅವರನ್ನು ಗೇಲಿ ಮಾಡುವವರೇ. ಅಂಥವರಿಗೆ ಒಂದು ರಾತ್ರಿ ಬಿದಿರುಮೆಳೆಯ ಹತ್ತಿರ ಅನ್ಯಗ್ರಹದವನು ಎದುರಾಗುತ್ತಾನೆ. ಅದೇ ಎಳೆ ಹಿಡಿದು 1967ರಲ್ಲಿ ರಾಯ್ ‘ದಿ ಏಲಿಯನ್’ ಎಂಬ ಚಿತ್ರಕತೆ ಬರೆದರು. ಬಂಗಾಳದ ಒಂದು ಹಳ್ಳಿಯ ತಾವರೆಕೊಳದಲ್ಲಿ ಆಕಾಶದ ಹಡಗು ಬಂದು ಇಳಿಯುತ್ತದೆ. ಅದರ ತುದಿ ನೀರಿನ ಮೇಲೆ ಕಾಣುತ್ತದೆ. ಮುಳುಗಿದ್ದ ದೇವಸ್ಥಾನ ಮೇಲೆದ್ದಿದೆ ಎಂದು ಜನ ಪೂಜೆಗೆ ನಿಲ್ಲುತ್ತಾರೆ. ಆ ಜೀವಿ ಸ್ನೇಹ ಮಾಡುವುದು ಹಾಬಾ ಎಂಬ ಬಡ ಹುಡುಗನ ಜೊತೆ. ಆ ಸಿನಿಮಾ ಆಗಲೇ ಇಲ್ಲ. ಚಿತ್ರಕತೆಯ ಪ್ರತಿಗಳು ಮಾತ್ರ ಅಮೆರಿಕದಲ್ಲಿ ಕೈಯಿಂದ ಕೈಗೆ ಓಡಾಡಿದವು. ತಮ್ಮ ಬರಹವಿಲ್ಲದೆ ‘ಇ.ಟಿ.’ ಸಾಧ್ಯವಾಗುತ್ತಿರಲಿಲ್ಲ ಎಂದು ರಾಯ್ ಹೇಳಿದರು, ಸ್ಪೀಲ್‌ಬರ್ಗ್ ಒಪ್ಪಲಿಲ್ಲ. ಆ ವ್ಯಾಜ್ಯ ನಮಗೆ ಬೇಡ.

ನನಗೆ ಇಷ್ಟವಾಗುವುದು ಕೊಳದಲ್ಲಿ ದೇವಸ್ಥಾನ ಎದ್ದಿತು ಎಂದು ನಂಬುವ ಆ ಜನ. ತಲಕಾಡಿನ ಪಕ್ಕದಲ್ಲಿರುವ ನಮಗೆ ಅದರಲ್ಲಿ ನಗುವಂಥದ್ದೇನೂ ಇಲ್ಲ. ಒಂಬತ್ತನೇ ತರಗತಿಯಲ್ಲಿ ನಮ್ಮನ್ನು ತಲಕಾಡಿಗೆ ಪ್ರವಾಸ ಕರೆದುಕೊಂಡು ಹೋಗಿದ್ದರು. ಸುಡುವ ಮರಳಿನ ಮೇಲೆ ಚಪ್ಪಲಿಯಿಲ್ಲದೆ ಓಡಿ, ಮೆಟ್ಟಿಲಿಳಿದು ಪಾತಾಳೇಶ್ವರನ ಗುಡಿಗೆ ಹೋದಾಗ, ನೆಲದ ಕೆಳಗೆ ಇನ್ನೊಂದು ಕಾಲ ಇದೆ ಎಂದು ನನಗೆ ಮೊದಲ ಸಲ ಅನ್ನಿಸಿತು. ಎಚ್.ಜಿ. ವೆಲ್ಸ್ 1895ರಲ್ಲಿ ಬರೆದ ಕಾಲಯಂತ್ರದ ಕಾದಂಬರಿಯನ್ನು ನಾನು ಓದಿದ್ದು ಆಮೇಲೆ. ಅಣ್ಣಾವ್ರ ‘ಹಾಲು ಜೇನು’ ಮಾಡಿದ ಸಿಂಗೀತಂ ಶ್ರೀನಿವಾಸ ರಾವ್ ಅವರೇ 1991ರಲ್ಲಿ ತೆಲುಗಿನಲ್ಲಿ ‘ಆದಿತ್ಯ 369’ ಎಂಬ ಕಾಲಯಂತ್ರದ ಸಿನಿಮಾ ಮಾಡಿದರು. ಅದರಲ್ಲಿ ಯಂತ್ರ ಹೋಗಿ ನಿಲ್ಲುವುದು ಕೃಷ್ಣದೇವರಾಯನ ವಿಜಯನಗರದಲ್ಲಿ. ಅದನ್ನು ನಾನು ಟಿ.ವಿ.ಯಲ್ಲಿ ನೋಡುವಾಗ ನನ್ನ ಕಾಲಡಿ ತಲಕಾಡಿನ ಮರಳೇ ಸುಟ್ಟ ಹಾಗಾಯಿತು. ಈ ವರ್ಷ ಆ ಚಿತ್ರವನ್ನು ಮತ್ತೆ ಚಿತ್ರಮಂದಿರಗಳಿಗೆ ತಂದರು. ನಮ್ಮ ‘ಅಪ್ಪು’ ಕೂಡ ಮಾರ್ಚ್‌ನಲ್ಲಿ ಮತ್ತೆ ಬಂತಲ್ಲ. ಹಳೆಯದನ್ನು ಮತ್ತೆ ನೋಡಲು ಜನ ದುಡ್ಡು ಕೊಟ್ಟು ಹೋಗುತ್ತಾರೆ.

ದೂರದರ್ಶನದಲ್ಲಿ 1989ರಲ್ಲಿ ‘ಇಂದ್ರಧನುಷ್’ ಎಂಬ ಧಾರಾವಾಹಿ ಬರುತ್ತಿತ್ತು. ನಾನಾಗ ಮೈಸೂರಿನ ಹಾಸ್ಟೆಲಿನಲ್ಲಿದ್ದೆ. ಇಡೀ ಹಾಸ್ಟೆಲಿಗೆ ಒಂದೇ ಟಿ.ವಿ. ಒಂದಷ್ಟು ಹುಡುಗರು ಸೇರಿ ಕಂಪ್ಯೂಟರ್ ಜೋಡಿಸುತ್ತಾರೆ, ಬೇರೆ ಲೋಕದವನ ಸಹವಾಸಕ್ಕೆ ಬೀಳುತ್ತಾರೆ. ಅದರಲ್ಲಿ ಒಬ್ಬ ಹುಡುಗನ ತಂದೆಯಾಗಿ ನಟಿಸಿದ್ದವರು ನಮ್ಮ ಗಿರೀಶ ಕಾರ್ನಾಡರು. ಹಿಂದಿ ಅರ್ಧ ಅರ್ಥವಾಗುತ್ತಿತ್ತು, ಅರ್ಧ ಇಲ್ಲ. ಒಂದು ವಾರವೂ ತಪ್ಪಿಸಲಿಲ್ಲ. ಪಿ.ಯು. ಓದಲಾಗದೆ ಊರಲ್ಲೇ ಉಳಿದ ಒಬ್ಬ ಗೆಳೆಯನ ನೆನಪು ಅದನ್ನು ನೋಡುವಾಗಲೆಲ್ಲ ಬರುತ್ತಿತ್ತು. ಅವನ ಮಾತಿಗೆ ಈಗ ಬರುತ್ತೇನೆ.

1986ರ ಮಾರ್ಚ್. ನಾವು ಹತ್ತನೇ ತರಗತಿ. ಶಿವರಾತ್ರಿ ಕಳೆದು ಒಂದು ವಾರವಾಗಿತ್ತು. ಆ ವರ್ಷ ಆಕಾಶದ ಸುದ್ದಿಯೇ ಸುದ್ದಿ. ಜನವರಿ 28ರಂದು ಅಮೆರಿಕದ ಚಾಲೆಂಜರ್ ಸ್ಫೋಟವಾಗಿ ಏಳು ಜನ ಸತ್ತಿದ್ದರು. ಅವರಲ್ಲಿ ಒಬ್ಬಾಕೆ ಶಾಲಾ ಶಿಕ್ಷಕಿ ಎಂದು ನಮ್ಮ ವಿಜ್ಞಾನದ ಮೇಷ್ಟ್ರು ಪ್ರಾರ್ಥನೆಯ ಹೊತ್ತಿನಲ್ಲಿ ಹೇಳಿದ್ದರು. ಎಪ್ಪತ್ತಾರು ವರ್ಷಕ್ಕೊಮ್ಮೆ ಬರುವ ಹ್ಯಾಲಿ ಧೂಮಕೇತು ಬಂದಿತ್ತು. ಅವರು ‘ಬಾಲ ವಿಜ್ಞಾನ’ ಪತ್ರಿಕೆ ತರಿಸಿ ನಮ್ಮ ಕೈಗೆ ಕೊಡುತ್ತಿದ್ದವರು. ಆದರೆ ಆ ವಾರ ಅವರು ರಜೆಯಲ್ಲಿದ್ದರು.

ನನ್ನ ಗೆಳೆಯನ ಮನೆಯಲ್ಲಿ ರಸಬಾಳೆ ತೋಟ. ರಾತ್ರಿ ಕರೆಂಟು ಬಂದಾಗ ಎದ್ದು ಪಂಪ್‌ಸೆಟ್ಟು ಹಾಕಿ ನೀರು ಕಟ್ಟುವುದು ಅವನ ಪಾಲಿನ ಕೆಲಸ. ಹಾಗಾಗಿ ಬೆಳಗಿನ ಜಾವ ನಾಲ್ಕೂವರೆಗೆ ಊರಲ್ಲಿ ಎಚ್ಚರವಿದ್ದ ಕೆಲವರಲ್ಲಿ ಅವನೊಬ್ಬ. ಒಂದು ದಿನ ಶಾಲೆಗೆ ಬಂದವನೇ ನನ್ನ ಕಿವಿಯಲ್ಲಿ, “ಲೇ, ಬಾಲ ಇರೋ ಚುಕ್ಕಿ ಬಂದದೆ ಕಣ್ಲಾ. ಹೊಳೆ ದಡದಲ್ಲಿ ಚೆನ್ನಾಗಿ ಕಾಣ್ತದೆ. ನಾಳೆ ಬತ್ತೀಯಾ?” ಎಂದ.

ಪರೀಕ್ಷೆ ಮುಗಿಯುವವರೆಗೆ ಹೊಸಿಲು ದಾಟಕೂಡದು ಎಂದು ನಮ್ಮಪ್ಪನ ಕಟ್ಟಪ್ಪಣೆ. ಆದರೂ ಓದಲು ಎದ್ದವನು ಲಾಂದ್ರ ಹಾಗೇ ಉರಿಯಲು ಬಿಟ್ಟು ಹಿತ್ತಲ ಬಾಗಿಲಿನಿಂದ ಹೊರಟೆ. ಅವನ ಅಪ್ಪನ ಸೈಕಲ್ಲು, ಕ್ಯಾರಿಯರಿನ ಮೇಲೆ ನಾನು. ದೀಪವಿಲ್ಲ. ಕಪಿಲೆಯ ದಡಕ್ಕೆ ಹೋಗಿ ನಿಂತೆವು. ಹೊಳೆಯಾಚೆ ಆಗ್ನೇಯ ದಿಕ್ಕಿನಲ್ಲಿ, ಮರಗಳ ತಲೆಯ ಮೇಲೆ ಸ್ವಲ್ಪ ಎತ್ತರದಲ್ಲಿ ಅದಿತ್ತು. ಚಿತ್ರದಲ್ಲಿ ನೋಡಿದ ಹಾಗೆ ಝಗಮಗ ಏನೂ ಇಲ್ಲ. ಅರಳೆಯ ಒಂದು ತುಣುಕು ಕತ್ತಲಿಗೆ ಅಂಟಿಕೊಂಡ ಹಾಗೆ, ಅದರಿಂದ ಮೇಲಕ್ಕೆ ಎಳೆದಂಥ ಮಸುಕು ಗೆರೆ. ನಾನು ಸ್ವಲ್ಪ ನಿರಾಶನಾದೆ. ಅವನು ಮಾತ್ರ ಬಹಳ ಹೊತ್ತು ನೋಡಿ ಒಂದು ಪ್ರಶ್ನೆ ಕೇಳಿದ: “ಬಾಲ ಯಾಕ್ಲಾ ಸೂರ್ಯ ಹುಟ್ಟೋ ಕಡೆಗಿಲ್ದೆ ಆಚೆಗದೆ?”

ಇದು ಎಂಥ ಪ್ರಶ್ನೆ ಎಂದು ತಿಳಿಯಲು ನಾನು ಎಂ.ಎಸ್ಸಿ. ಮಾಡಬೇಕಾಯಿತು. ಧೂಮಕೇತುವಿನ ಬಾಲ ಅದು ಓಡುವ ದಾರಿಯ ಹಿಂದೆ ಇರುತ್ತದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಲ್ಲ. ಸೂರ್ಯನ ಬೆಳಕಿನ ಒತ್ತಡವೂ ಸೂರ್ಯನಿಂದ ಬೀಸುವ ಕಣಗಳ ಗಾಳಿಯೂ ದೂಳು, ಅನಿಲಗಳನ್ನು ತಳ್ಳುವುದರಿಂದ ಬಾಲ ಯಾವಾಗಲೂ ಸೂರ್ಯನಿಗೆ ಬೆನ್ನು ಹಾಕಿರುತ್ತದೆ. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ನಾನು ಪಿ.ಯು. ಮಕ್ಕಳಿಗೆ ಪಾಠ ಮಾಡಿದ್ದೇನೆ. ಯಾರೂ ಹೇಳಿಕೊಡದೆ ಬರಿಗಣ್ಣಿನಲ್ಲಿ ನೋಡಿ ಇದನ್ನು ಕೇಳಿದ ಇನ್ನೊಬ್ಬನನ್ನು ನಾನು ಕಂಡಿಲ್ಲ.

ಅವತ್ತು ಅವನು ಉತ್ಸಾಹದಿಂದ ತರಗತಿಯಲ್ಲಿ ಹೇಳಿಯೇಬಿಟ್ಟ. ಎಲ್ಲರೂ ನಕ್ಕರು. ಬದಲಿಗೆ ಬಂದಿದ್ದ ಮೇಷ್ಟ್ರು, ಅದನ್ನು ನೋಡಲು ದುರ್ಬೀನು ಬೇಕು, ಸುಳ್ಳು ಹೇಳಬೇಡ ಎಂದರು. ಅವನು ನನ್ನ ಕಡೆ ಕೈ ತೋರಿಸಿ, “ಇವನೂ ನೋಡವ್ನೆ ಸಾ” ಎಂದ. ಮೇಷ್ಟ್ರು ನನ್ನನ್ನು ಎಬ್ಬಿಸಿ ಕೇಳಿದರು. ಹೌದು ಎಂದರೆ ನಾನು ಮನೆ ಬಿಟ್ಟು ಹೋಗಿದ್ದು ಸಂಜೆಯೊಳಗೆ ಅಪ್ಪನ ಕಿವಿಗೆ ಬೀಳುತ್ತದೆ. ನಾನು ಹೇಳಿದೆ: “ನಾನು ಹೋಗಿರಲಿಲ್ಲ ಸಾರ್.”

ಅವನನ್ನು ಆ ಅವಧಿ ಮುಗಿಯುವವರೆಗೆ ಹೊರಗೆ ನಿಲ್ಲಿಸಿದರು. ಅವನು ನನ್ನನ್ನು ಬೈಯಲಿಲ್ಲ. ಸಂಜೆ ಎಂದಿನ ಹಾಗೆ ಕ್ಯಾರಿಯರಿನ ಮೇಲೆ ಕೂರಿಸಿಕೊಂಡು ಮನೆ ಮುಟ್ಟಿಸಿದ. ಇನ್ನೊಂದು ವಿಷಯ ನನಗೆ ತಿಳಿದದ್ದು ಮೊನ್ನೆ ಮೊನ್ನೆ. ನಮ್ಮ ತರಗತಿಯ ಒಬ್ಬಳು ಹುಡುಗಿ, ಬೆಳಗ್ಗೆ ಬಾಗಿಲಿಗೆ ನೀರು ಹಾಕಲು ಎದ್ದವಳು, ಅದನ್ನು ಹಿತ್ತಲಿನಿಂದ ನಾಲ್ಕು ದಿನ ನೋಡಿ ಗಣಿತದ ನೋಟ್ ಪುಸ್ತಕದ ಹಿಂದಿನ ಪುಟದಲ್ಲಿ ಚಿತ್ರ ಬರೆದಿದ್ದಳಂತೆ. ಬಾಲ ಸರಿಯಾದ ದಿಕ್ಕಿಗೇ ಇದೆ, ಆ ಪುಟವನ್ನು ನಾನು ನೋಡಿದ್ದೇನೆ. ಅವತ್ತು ಯಾಕೆ ಹೇಳಲಿಲ್ಲ ಎಂದು ಕೇಳಿದರೆ, “ನಮ್ಮನ್ನ ಯಾರು ಕೇಳಿದ್ರು?” ಎಂದಳು. ಈ ಸೈಕಲ್ ಸಿನಿಮಾಗಳಲ್ಲೂ ಬಹಳ ಕಾಲ ಹಾಗೇ ಇತ್ತು. ಹುಡುಗಿಗೆ ಸೈಕಲ್ ಸಿಕ್ಕಿದ್ದು ತಡವಾಗಿ.

2017ರಲ್ಲಿ ಮಗಳ ಒತ್ತಾಯಕ್ಕೆ ‘ಸ್ಟ್ರೇಂಜರ್ ಥಿಂಗ್ಸ್’ ನೋಡಲು ಕೂತೆ. ಭೂತ ಪಿಶಾಚಿಗಳು ಅತಿಯಾದವು, ಕಂತುಗಳೂ ಉದ್ದವಾದವು, ಅದು ಬೇರೆ ಮಾತು. ಅದರಲ್ಲಿ ನಾಲ್ಕು ಹುಡುಗರಲ್ಲಿ ಒಬ್ಬ ಕಾಣೆಯಾಗುತ್ತಾನೆ. ಅವನು ಸತ್ತ ಎಂದು ದೊಡ್ಡವರೆಲ್ಲ ಹೇಳುತ್ತಾರೆ, ಶವವನ್ನೂ ತೋರಿಸುತ್ತಾರೆ. ಉಳಿದ ಹುಡುಗರು ನಂಬುವುದಿಲ್ಲ. ಗೆಳೆಯರ ನಡುವೆ ಸುಳ್ಳು ಇರಬಾರದು ಎಂಬುದು ಅವರ ಗುಂಪಿನ ಕಟ್ಟಳೆ. ನಾನು ಎದ್ದು ಬಾಲ್ಕನಿಗೆ ಹೋದೆ. ಮಗಳು ಬಂದು, “ಏನಾಯ್ತಪ್ಪಾ?” ಎಂದಳು. ಕಣ್ಣಿಗೆ ಏನೋ ಬಿತ್ತು ಎಂದೆ. ಅದೂ ಸುಳ್ಳೇ.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ಈ ಚಿತ್ರಗಳಲ್ಲಿ ನಮ್ಮನ್ನು ಹಿಡಿಯುವುದು ಕ್ಯಾಸೆಟ್ಟೂ ಅಲ್ಲ, ಹಳೆಯ ಕಾರೂ ಅಲ್ಲ ಎಂದು ನನಗನ್ನಿಸುತ್ತದೆ. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಎಲ್ಲರೂ ಏನಾದರೊಂದನ್ನು ಕಂಡಿರುತ್ತಾರೆ. ದೊಡ್ಡವರಿಗೆ ಹೇಳಿದರೆ ಅವರು ನಂಬುವುದಿಲ್ಲ. ಆಗ ಜೊತೆಯಲ್ಲಿದ್ದವರು ಹೌದು, ನಾವೂ ಕಂಡೆವು ಎಂದರೋ ಇಲ್ಲವೋ ಎಂಬುದೇ ದೊಡ್ಡ ಮಾತು. ಪರದೆಯ ಹುಡುಗರು ಒಬ್ಬರ ಕೈ ಒಬ್ಬರು ಬಿಡುವುದಿಲ್ಲ. ಕೈ ಬಿಟ್ಟ ನನ್ನಂಥವರಿಗೆ ಅವರನ್ನು ನೋಡುತ್ತಾ ಕೂರುವುದರಲ್ಲಿ ಒಂದು ಸಮಾಧಾನ, ಒಂದು ಚುಚ್ಚು. ನನ್ನ ಮಗಳಂಥವರಿಗೆ ಬೇರೆ ಕಾರಣ ಇರಬಹುದು. ಕತ್ತಲಾಗುವವರೆಗೆ ಮನೆಯವರಿಗೆ ಫೋನ್ ಮಾಡದೆ ಹೊರಗಿರಬಹುದಾಗಿದ್ದ ಕಾಲ ಎಂಬುದೇ ಅವಳಿಗೆ ಅನ್ಯಗ್ರಹ.

ಆದರೆ ಈ ಚಿತ್ರಗಳನ್ನು ನಾನು ಪೂರ್ತಿ ನಂಬುವುದೂ ಇಲ್ಲ. ಅಲ್ಲಿಯ ಹುಡುಗರಿಗೆ ಪುರುಸೊತ್ತಿದೆ. ಅನ್ಯಗ್ರಹದವನನ್ನು ಮನೆಗೆ ಕಳಿಸುವುದು ಬಿಟ್ಟರೆ ಅವರ ತಲೆಯ ಮೇಲೆ ಬೇರೆ ಹೊರೆ ಇಲ್ಲ. ಆ ದೃಷ್ಟಿಯಲ್ಲಿ ನಾಳೆ ತೋರಿಸುವ ‘ಬೆಟ್ಟದ ಹೂವು’ ನಮಗೆ ಹತ್ತಿರದ್ದು. ಎನ್. ಲಕ್ಷ್ಮೀನಾರಾಯಣ್ ಅವರು 1985ರಲ್ಲಿ ಮಾಡಿದ್ದು. ಪುನೀತ್ ಅವರಿಗೆ ಬಾಲನಟ ರಾಷ್ಟ್ರಪ್ರಶಸ್ತಿ ತಂದುಕೊಟ್ಟಿದ್ದು. ಅದರಲ್ಲಿ ರಾಕೆಟ್ ಇಲ್ಲ. ಆದರೂ ನನ್ನ ಲೆಕ್ಕದಲ್ಲಿ ಅದು ವಿಜ್ಞಾನದ ಸಿನಿಮಾವೇ. ದೂರದೇಶದಿಂದ ಸಸ್ಯ ಹುಡುಕಿಕೊಂಡು ಬಂದ ಮಹಿಳೆಗಾಗಿ ರಾಮು ಬೆಟ್ಟ ಹತ್ತಿ ಅಪರೂಪದ ಹೂಗಳನ್ನು ತಂದುಕೊಡುತ್ತಾನೆ. ಬೇರೆಯವರ ಕಣ್ಣಿಗೆ ಬೀಳದ್ದು ಅವನ ಕಣ್ಣಿಗೆ ಬೀಳುತ್ತದೆ. ಬಂದ ಕಾಸನ್ನು ಕೂಡಿಡುವುದು ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳಲು. ಕೊನೆಗೆ ಆ ದುಡ್ಡಿನಲ್ಲಿ ಅವನು ಏನು ಕೊಂಡು ಮನೆಗೆ ಹೋಗುತ್ತಾನೆ ಎಂಬುದನ್ನು ನಾಳೆ ನೀವೇ ನೋಡಿ. ಹಿರಿಯರು ದಯವಿಟ್ಟು ಮಕ್ಕಳಿಗೆ ಮೊದಲೇ ಹೇಳಬೇಡಿ. ನನ್ನ ಗೆಳೆಯ ಎರಡನೇ ದರ್ಜೆಯಲ್ಲಿ ಪಾಸಾದ. ಅಪ್ಪನಿಗೆ ಮೈ ಹುಷಾರಿಲ್ಲದೆ ತೋಟಕ್ಕೇ ನಿಂತ. ಅವನ ತಂಗಿಯರಿಬ್ಬರೂ ಓದಿದರು.

ಬಾಲ್ಕನಿಗೆ ಎದ್ದು ಹೋದೆ ಎಂದೆನಲ್ಲ, ಆ ರಾತ್ರಿಯೇ ಅವನಿಗೆ ಫೋನ್ ಮಾಡಿದೆ. ಮೂವತ್ತೊಂದು ವರ್ಷದ ಹಿಂದಿನ ವಿಷಯ ಎತ್ತಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೊರಗೆ ನಿಂತಿದ್ದು ನೆನಪಿಲ್ಲ ಕಣಯ್ಯಾ. ಬಾಲ ಎತ್ತಕಡೆ ಇತ್ತು ಅನ್ನೋದು ನೆನಪದೆ. ಅದ್ಯಾಕೆ ಅಂತ ನೀನು ಇನ್ನೂ ಹೇಳಿಲ್ಲ” ಎಂದ. ನಾನು ಹೇಳಿದೆ. ಫೋನಿನಲ್ಲೇ, ಸೂರ್ಯನ ಬೆಳಕು, ಕಣಗಳ ಗಾಳಿ, ಎಲ್ಲ. ಅವನು ಕೇಳಿಸಿಕೊಂಡು, “ಸರಿ, ಕರೆಂಟು ಬಂತು, ಇಡ್ತೀನಿ” ಎಂದ.

ಹೆಸರು ಹೇಳಬೇಡ ಎಂದಿದ್ದಾನೆ, ಹೇಳುವುದಿಲ್ಲ. ಹಿಂದಿನ ಸಾಲಿನಲ್ಲಿ ಕಂಬಕ್ಕೆ ಒರಗಿ ನಿಂತಿದ್ದಾನೆ. ಆದರೆ ಅವತ್ತು ತರಗತಿಯಲ್ಲಿದ್ದ ನಲವತ್ತು ಚಿಲ್ಲರೆ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇವತ್ತು ಇಲ್ಲಿ ಇದ್ದೀರಿ. ನಿಮ್ಮ ಮುಂದೆ, ಈ ಶಾಲೆಯ ಅಂಗಳದಲ್ಲೇ ಹೇಳಬೇಕು ಎಂದು ನಾನು ಈ ಭಾಷಣಕ್ಕೆ ಒಪ್ಪಿದ್ದು. ಅವನು ನೋಡಿದ್ದ. ನಾನೂ ಜೊತೆಯಲ್ಲಿ ಹೋಗಿದ್ದೆ. ನಾನೂ ನೋಡಿದ್ದೆ.

ನಮ್ಮ 1986ರ ತಂಡದಿಂದ ಶಾಲೆಗೆ ಒಂದು ದೂರದರ್ಶಕ ಕೊಡುತ್ತಿದ್ದೇವೆ. ದೊಡ್ಡದೇನಲ್ಲ. ಚಂದ್ರನ ಕುಳಿಗಳು, ಗುರುವಿನ ನಾಲ್ಕು ಚಂದ್ರರು, ಶನಿಯ ಬಳೆ ಕಾಣುತ್ತವೆ. ಮುಖ್ಯೋಪಾಧ್ಯಾಯರಲ್ಲಿ ಒಂದೇ ವಿನಂತಿ. ಅದನ್ನು ಬೀರುವಿನಲ್ಲಿಟ್ಟು ತನಿಖೆಗೆ ಬಂದವರಿಗೆ ಮಾತ್ರ ತೋರಿಸಬೇಡಿ. ಬೀಗದ ಕೈ ಎಂಟನೇ ತರಗತಿಯ ಒಬ್ಬ ಹುಡುಗ, ಒಬ್ಬಳು ಹುಡುಗಿಯ ಹತ್ತಿರ ಇರಲಿ. ಒಡೆದರೆ ಒಡೆಯಲಿ, ನಾವಿದ್ದೇವೆ. ಬರಿಗಣ್ಣಿಗೆ ಕಂಡಿತು ಎಂದು ಯಾರಾದರೂ ಹೇಳಿದರೆ ಮೊದಲು ಎತ್ತಕಡೆ ಎಂದು ಕೇಳಿ.

ಹ್ಯಾಲಿ ಮತ್ತೆ ಸೂರ್ಯನ ಹತ್ತಿರ ಬರುವುದು 2061ರ ಜುಲೈ ಕೊನೆಯಲ್ಲಿ. ನಮ್ಮ ಕಡೆ ಆಗ ಮೋಡದ ಕಾಲ, ಏನು ಮಾಡುವುದು. ಆದರೂ ಮುಂದುಗಡೆ ಚಾಪೆಯ ಮೇಲೆ ಕೂತಿರುವ ಎಂಟನೇ ತರಗತಿಯವರಿಗೆ ಆಗ ಐವತ್ತರ ಹತ್ತಿರ. ಮೋಡ ಬಿಟ್ಟ ಒಂದು ದಿನ ಹೊಳೆ ದಡಕ್ಕೆ ಹೋಗಿ ನೋಡಿ ಬನ್ನಿ.

ಕತ್ತಲಾಯಿತು, ಪರದೆಯವರು ಕೈ ತೋರಿಸುತ್ತಿದ್ದಾರೆ. ನನಗೆ ವೇದಿಕೆಯ ಮೇಲೆ ಕುರ್ಚಿ ಹಾಕಿದ್ದಾರೆ, ಅದು ಬೇಡ. ಕಂಬಕ್ಕೆ ಒರಗಿ ನಿಂತಿರುವವನೇ, ಮುಂದೆ ಬಾ, ಚಾಪೆಯ ಮೇಲೆ ಇಬ್ಬರಿಗೂ ಜಾಗ ಇದೆ.